ವಾರಗಿತ್ತಿ ಒತ್ತಿದ ಕೆಂಪು ಮುಖ

ಸೋಬಾನೆ ಪದವನ್ನು ಒಬ್ಬಳೇ ಹಾಡುವುದಕ್ಕೆ ಆಗುವುದಿಲ್ಲ. ಒಬ್ಬಳು ಸೊಲ್ಲು ಹೇಳಬೇಕು, ಇನ್ನೊಬ್ಬಳು ಅದನ್ನು ಎತ್ತಿಕೊಳ್ಳಬೇಕು. ಅವಳು ಮುಗಿಸುವ ತನಕ ಮೊದಲನೆಯವಳು ಬಾಯಿ ಮುಚ್ಚಿಕೊಂಡು ಉಸಿರು ತುಂಬಿಕೊಳ್ಳಬೇಕು. ನಮ್ಮ ಮನೆತನದ ಮದುವೆಗಳಲ್ಲಿ ಸೊಲ್ಲು ಹೇಳುವವಳು ನಾನು. ಎತ್ತಿಕೊಳ್ಳುವವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅವಳ ಗಂಟಲು ನನ್ನದಕ್ಕಿಂತ ಚೆನ್ನಾಗಿದೆ. ಇದನ್ನು ಅವಳೆದುರಿಗೆ ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ.

ತುಮಕೂರಿನಲ್ಲೇ ನೆಂಟರದೊಂದು ಮದುವೆಯಾಯಿತು. ನನ್ನ ಮೊಮ್ಮಗಳು ಫೋನು ಹಿಡಿದು ನಮ್ಮ ಹಾಡನ್ನು ಲೈವ್ ಬಿಟ್ಟಳು. ಲೈವ್ ಅಂದರೆ ಇಲ್ಲಿ ಆಗುತ್ತಿರುವುದನ್ನು ಅವರವರ ಮನೆಯಲ್ಲಿ ಕೂತವರು ಆಗಲೇ ನೋಡುವುದು. ಮದುವೆಗೆ ಬರದವರು ಬಂದವರಿಗಿಂತ ಹೆಚ್ಚು ಮಾತಾಡುತ್ತಾರೆ. ಮೊಮ್ಮಗಳು ಫೋನನ್ನು ನೆಟ್ಟಗೆ ಹಿಡಿದಿದ್ದಳು, ಅದರೊಳಗೆ ಒಬ್ಬಳಿಗೇ ಜಾಗ. ಮುಖ ನನ್ನದು ಬಂತು, ವಾರಗಿತ್ತಿಯ ದನಿ ಎಲ್ಲಿಂದಲೋ ಬಂತು. ನೋಡಿದವರು ಎರಡೂ ನಂದೇ ಅಂದುಕೊಂಡರು. ‘ಅಜ್ಜಿ ಸೂಪರ್’, ‘ಅಜ್ಜಿ ಏನ್ ವಾಯ್ಸ್’ ಎಂದು ಬರೆದು ಕೆಂಪು ಹಾರ್ಟುಗಳನ್ನು ಹಾರಿಸಿದರು. ಅವರು ಮೆಚ್ಚಿದ ಕಡೆಯೆಲ್ಲ ಹಾಡಿದ್ದು ಅವಳು.

ಊಟದ ಎಲೆ ಹಾಕುವ ಹೊತ್ತಿಗೆ ವಾರಗಿತ್ತಿಯ ಮಗಳು ಅದನ್ನು ಅವಳಿಗೆ ತೋರಿಸಿದಳು.

“ಏನಕ್ಕ, ನನ್ ಗಂಟ್ಲು ಬೇಕು, ಮುಖ ಬ್ಯಾಡ್ವಾ?” ಅಂದಳು ವಾರಗಿತ್ತಿ.

“ಫೋನ್ ಹಿಡ್ದೋಳು ನಾನಾ? ಹೋಗ್ ಅವಳ್ನ ಕೇಳು.”

“ಸೂಪರ್ ಅಂದೋರ್ಗೆ, ಅದು ನಾನಲ್ಲ ಕಣ್ರಪ್ಪಾ ಅಂತ ಒಂದ್ ಮಾತು ಹೇಳೋಕಾಗ್ಲಿಲ್ವಾ?”

“ಅವ್ರು ಎಲ್ಲೆಲ್ಲಿ ಕೂತವ್ರೋ, ನಂಗೇನ್ ಗೊತ್ತು.”

ಅವಳು ಊಟ ಮಾಡದೆ, ತಾಂಬೂಲದ ಕಾಯಿ ಮಾತ್ರ ತಗೊಂಡು, ಮಗಳ ಜೊತೆ ಕುಣಿಗಲ್‌ಗೆ ಹೋದಳು. ಇನ್ನು ನನ್ನ ಪಕ್ಕ ಕೂತು ಬಾಯಿ ಬಿಡುವುದಿಲ್ಲ ಅಂದಳಂತೆ. ಬಿಡದಿದ್ದರೆ ಬೇಡ ಅಂದೆ.

ಆಮೇಲೆ ಫೋನು ಹಿಡಿದಿದ್ದ ಆ ಮೊಮ್ಮಗಳಿಗೇ ಗುಬ್ಬಿಯಲ್ಲಿ ಗಂಡು ಗೊತ್ತಾಯಿತು. ಮಾತುಕತೆಯ ದಿನ ಗಂಡಿನ ತಾಯಿ, “ಎಣ್ಣೆ ಅರಿಶಿನಕ್ಕೆ ಬೆಳಗ್ಗಿಂದ್ಲೇ ಡಿಜೆ ಹೇಳ್ಬುಡೋಣ” ಅಂದರು.

“ಡಿಜೆ ಯಾತಕ್ಕೆ? ಸೋಬಾನೆ ನಾವು ಹೇಳ್ತೀವಿ.”

“ಈಗ ಅದ್ನೆಲ್ಲಾ ಯಾರಮ್ಮ ಹಾಡ್ತಾರೆ? ಹಾಡೋರಿದ್ರೆ ಹಾಡಿ, ಇಲ್ದಿದ್ರೆ ಡಿಜೆ.”

‘ನಾವು’ ಎಂದು ಅಂದುಬಿಟ್ಟಿದ್ದೆ. ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದು ನೋಡಿದರೆ ಇದ್ದದ್ದು ನಾನೊಬ್ಬಳೇ.

“ಕುಣಿಗಲ್ ಅಜ್ಜಿಗೊಂದು ಫೋನ್ ಮಾಡಜ್ಜಿ” ಅಂದಳು ಮೊಮ್ಮಗಳು.

“ನಾನ್ ಮಾಡಲ್ಲ.”

“ನನ್ ಮದ್ವೆ ಕಣಜ್ಜಿ. ಅರಿಶಿನ ಹಚ್ಚೋವಾಗ ಆ ಡಬಡಬ ನಂಗ್ ಬೇಡ. ಹಾಡೇ ಬೇಕು.”

“ಅವತ್ತು ಫೋನು ಅಡ್ಡ ಹಿಡ್ದಿದ್ರೆ ಎಲ್ಲಾ ಇರ್ತಿತ್ತು.”

ಅವಳು ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು, ಸುಮ್ಮನೆ ಕೂರುವವಳಲ್ಲ. ಭಾನುವಾರ ರಜದ ದಿನ ನಡುಮನೆಯಲ್ಲಿ ನನಗೆ ಒಳ್ಳೆ ಸೀರೆ ಉಡಿಸಿ ಕೂರಿಸಿದಳು. “ನೀನೊಬ್ಳೇ ಹಾಡು. ಗುಬ್ಬಿ ಅತ್ತೆಗೂ ನೋಡೋಕ್ ಹೇಳಿದೀನಿ. ಜನ ಲೈಕ್ ಕೊಟ್ರೆ ಅವ್ರೇ ಡಿಜೆ ಬಿಡ್ತಾರೆ.” ಸದ್ದು ಬರುತ್ತದೆಂದು ಫ್ಯಾನು ಆರಿಸಿದಳು. ಲೈವ್ ಬಿಟ್ಟಳು.

ಒಂದು ಸೊಲ್ಲು ಹೇಳಿದೆ. ಹೇಳಿ ಬಾಯಿ ಮುಚ್ಚಿದೆ. ಎತ್ತಿಕೊಳ್ಳುವವರಿಗೆ ಜಾಗ ಬಿಡದೆ ಹಾಡುವುದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಹಾಗೇ ಹಾಡಿದ್ದು. ಮೊಮ್ಮಗಳು ಹಾಡು ಎಂದು ಕೈ ಬೀಸಿದಳು, ಕಣ್ಣು ಬಿಟ್ಟಳು. ನಾನು ಕಾದು, ಆಮೇಲೆ ಮುಂದಿನ ಸೊಲ್ಲು ಹಿಡಿದೆ.

ಜನ ಬರೆಯತೊಡಗಿದರು. ಅವಳು ಪಿಸುಗುಟ್ಟಿಕೊಂಡು ಓದಿದಳು. “ಅಜ್ಜಿ ಸ್ಟಕ್ ಆಯ್ತು ಅಂತವ್ರೆ. ಸೌಂಡ್ ಹೋಯ್ತು ಅಂತವ್ರೆ. ಉಸಿರಾಡ್ತಿದೆಯಾ ನೋಡ್ರಪ್ಪಾ ಅಂತ ಒಬ್ಬ. ಅಜ್ಜಿ, ದಮ್ಮಯ್ಯ, ಜಾಗ ಬಿಡ್ಬೇಡ, ಒಂದೇ ಸಮ ಹಾಡು. ಗುಬ್ಬಿ ಅತ್ತೆ ನೋಡ್ತಾವ್ರೆ.”

ಆಗಲಿ ಎಂದು ಜಾಗ ಕಡಿಮೆ ಮಾಡಿದೆ. ಒಂದರ ಹಿಂದೊಂದು ಸೊಲ್ಲು ಹೇಳಿದೆ. ಹಾರ್ಟು ಹಾರಿದವು. ಅಷ್ಟರಲ್ಲಿ ಮೊಮ್ಮಗಳು ಫೋನಿಗೆ ಮುಖ ಹತ್ತಿರ ತಂದಳು.

“ಯಾರೋ ಕೋಪದ್ ಮುಖ ಒತ್ತವ್ರೆ. ಕುಣಿಗಲ್ ಅತ್ತೆ ಫೋನಿಂದ. ಇನ್ನೊಂದು. ಅಯ್ಯೋ, ಮತ್ತೊಂದು! ಅತ್ತೆಗೇನ್ ಬಂತು?”

ವಾರಗಿತ್ತಿಯ ಮಗಳಿಗೆ ಏನೂ ಬಂದಿರಲಿಲ್ಲ. ಫೋನು ಅವಳದು, ಬೆರಳು ಅವರಮ್ಮನದು. ನಾನು ಮುಂದಿನ ಸೊಲ್ಲನ್ನು ಬೇಗ ಹಿಡಿದಾಗಲೆಲ್ಲ ಒಂದು ಕೆಂಪು ಮುಖ ಬರುತ್ತಿತ್ತು. ಪಕ್ಕದಲ್ಲಿದ್ದಿದ್ದರೆ ಅಲ್ಲೇ ತೊಡೆಗೆ ಚಿವುಟುತ್ತಿದ್ದಳು. ಅವಳು ಕುಣಿಗಲ್‌ನಲ್ಲಿ ಕೂತು ನನ್ನ ಸೊಲ್ಲು ಎತ್ತಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು.

ಮೊದಲಿನ ಜಾಗವನ್ನೇ ಬಿಟ್ಟೆ. ಅವಳಿಗೂ ವಯಸ್ಸಾಗಿದೆ ಎಂದು ಒಂದು ಉಸಿರು ಹೆಚ್ಚಾಗಿಯೇ ಬಿಟ್ಟೆ. ಕೆಂಪು ಮುಖ ನಿಂತಿತು. ನೋಡುವವರು ಒಬ್ಬೊಬ್ಬರೇ ಎದ್ದು ಹೋದರು. ಗುಬ್ಬಿಯವರು ಒಂದು ಹೆಬ್ಬೆರಳು ಒತ್ತಿ ಹೋದರು.

“ಹೋಯ್ತು ಬುಡು, ಡಿಜೆನೇ ಗತಿ” ಎಂದು ಮೊಮ್ಮಗಳು ಗೋಡೆಗೆ ಒರಗಿದಳು. “ಕುಣಿಗಲ್ ಅತ್ತೆ ಒಬ್ರೇ ಉಳ್ದವ್ರೆ.”

“ಸುಮ್ನೆ ಹಿಡ್ಕೊ” ಅಂದೆ. ಪದವನ್ನು ಕೊನೆಯ ತನಕ ಹಾಡಿದೆ.

ನೀರು ಕುಡಿಯುವಷ್ಟರಲ್ಲಿ ಫೋನು ಬಂತು.

“ಏನಕ್ಕ, ನಾನ್ ಬಾಯಿ ತೆಗೆಯೋಕ್ ಮುಂಚೆನೇ ಹಾರ್ಕೊಂಡ್ ಹೋಯ್ತೀಯಲ್ಲಾ! ಹಿಂದೆ ನಾಯಿ ಅಟ್ಟಿಸ್ಕೊಂಡ್ ಬಂದಿತ್ತಾ?”

“ನೀನು ಎತ್ಕೊಂಡಿದ್ದು ಇಲ್ಲಿಗೆ ಕೇಳಲ್ಲ ಕಣೇ.”

“ಕೇಳ್ದೆ ಏನು? ನನ್ ಮಗ್ಳಿಗೆ ಕೇಳ್ತು, ಪಕ್ಕದ್ಮನೆಗೂ ಕೇಳ್ತು.” ಅದೇ ಉಸಿರಿನಲ್ಲಿ ಕೇಳಿದಳು, “ಅರಿಶಿನ ಯಾವತ್ತು?”

“ಬುಧವಾರ.”

“ಫೋನು ನನ್ ಮಗ್ಳು ಹಿಡೀತಾಳೆ. ಅಡ್ಡ. ಒಪ್ಗೆ ಇದ್ರೆ ಬತ್ತೀನಿ.”

“ಬಾ.”

ಬಂದಳು. ಗುಬ್ಬಿಯ ಬೀಗಿತ್ತಿ ಮೊದಲ ಪದಕ್ಕೆ ನಿಂತೇ ಕೇಳಿದರು, ಎರಡನೆಯದಕ್ಕೆ ಚಾಪೆಯ ಮೇಲೆ ಕೂತರು. ಡಿಜೆಯವನಿಗೆ ಊಟ ಆದಮೇಲೆ ಬಾರಿಸಲು ಹೇಳಿದರು. ಮೊಮ್ಮಗಳು ಅರಿಶಿನ ಹಚ್ಚಿಸಿಕೊಂಡು ಕೂತಿದ್ದಳು.

ಅವತ್ತಿನ ಲೈವನ್ನು ನನಗೆ ಆಮೇಲೆ ತೋರಿಸಿದರು. ಫೋನು ಅಡ್ಡವೇ ಇತ್ತು. ನಡುವಿನಲ್ಲಿ ವಾರಗಿತ್ತಿ, ಪೂರ್ತಿಯಾಗಿ, ಮಡಿಲಿನ ತನಕ. ಪಕ್ಕದಲ್ಲಿ ನನ್ನ ಅರ್ಧ ಮುಖ. ಓಲೆ ಮಾತ್ರ ಚೆನ್ನಾಗಿ ಬಂದಿತ್ತು.