ಮೇಡಂ ಹೊತ್ತುಕೊಂಡ ಸಿಟ್ಟು

ಅವರ ಎಡ ಹುಬ್ಬು ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ತಲೆಗೂದಲು ಕಪ್ಪು, ಬಲ ಹುಬ್ಬು ಕಪ್ಪು, ಎಡದ್ದು ಮಾತ್ರ ಯಾರೋ ಸುಣ್ಣ ಹತ್ತಿದ ಬೆರಳಿನಿಂದ ಎಳೆದ ಹಾಗೆ. ಎದುರಿಗಿದ್ದವರು ಮಾತು ಶುರು ಮಾಡಿದರೆ ಆ ಹುಬ್ಬು ನಿಧಾನವಾಗಿ ಮೇಲೇರುತ್ತಿತ್ತು. ಮಾತು ಮುಗಿಯುವವರೆಗೆ ಕೆಳಗಿಳಿಯುತ್ತಿರಲಿಲ್ಲ. ನನ್ನಂಥವನ ಮಾತನ್ನು ಅಷ್ಟು ಪೂರ್ತಿಯಾಗಿ ಕೇಳಿಸಿಕೊಂಡವರು ಬೇರೆ ಯಾರೂ ಇಲ್ಲ.

ಅವರು ಇದ್ದದ್ದು ಮಣಿಪಾಲದಲ್ಲಿ, ನನ್ನ ತಂಗಿ ಓದುತ್ತಿದ್ದ ವಿಶ್ವವಿದ್ಯಾಲಯದ ಕೆರಿಯರ್ ಸೆಂಟರಿನಲ್ಲಿ. ಓದು ಮುಗಿಸುವ ಮಕ್ಕಳಿಗೆ ಕೆಲಸದ ಅರ್ಜಿ ಬರೆಯುವುದನ್ನು, ಇಂಟರ್‌ವ್ಯೂನಲ್ಲಿ ಕೂರುವುದನ್ನು ಹೇಳಿಕೊಡುವ ಜಾಗ ಅದು. ತಂಗಿ ಆಹಾರ ಮತ್ತು ಪೋಷಣೆಯ ವಿಷಯ ಓದುತ್ತಿದ್ದಳು. ಅವಳು ‘ಮೇಡಂ’ ಎಂದು ಕರೆಯುತ್ತಿದ್ದಳು, ನನಗೂ ಅದೇ ಬಾಯಿಗೆ ಬಂತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂಥ ಕಟ್ಟಡದ ಒಳಗೆ ನನಗೇನು ಕೆಲಸ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಊರು ಕಾಪುವಿನಿಂದ ಸ್ವಲ್ಪ ಒಳಗೆ, ಮಲ್ಲಿಗೆ ಬೆಳೆಯುವ ಊರು. ನಸುಕಿನಲ್ಲಿ ಮೊಗ್ಗು ಕೊಯ್ಯಬೇಕು, ಬಿಸಿಲೇರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಖರೀದಿಯವರಿಗೆ ಮುಟ್ಟಿಸಬೇಕು. ಹೊತ್ತು ಮೀರಿ ಅರಳಿದ ಹೂ ಯಾರಿಗೂ ಬೇಡ. ಅಪ್ಪ ಹೋದ ಮೇಲೆ ಕೊಯ್ಯುವವನು ನಾನು, ಕಟ್ಟುವವರು ಅಮ್ಮ ಮತ್ತು ತಂಗಿ. ಚಾವಡಿಯಲ್ಲಿ ಒಂದು ಬಲ್ಬಿನ ಕೆಳಗೆ ತಂಗಿಯ ಬೆರಳುಗಳು ಓಡುವುದನ್ನು ನೋಡುತ್ತಿದ್ದರೆ ನನಗೆ ಎಚ್ಚರವಿದ್ದೂ ಕನಸು ಕಂಡ ಹಾಗಾಗುತ್ತಿತ್ತು. ಮನೆಯೆಲ್ಲ ಬಿಳಿಯ ವಾಸನೆ. ದೂರದಲ್ಲಿ ಸಮುದ್ರ ಉಸಿರಾಡುವ ಸದ್ದು. ಅವಳು ಹೂ ಮುಗಿಸಿ, ತಲೆ ಬಾಚಿ, ಮಣಿಪಾಲದ ಬಸ್ಸಿಗೆ ಓಡುತ್ತಿದ್ದಳು. ಅದು ಹಾಗೆಯೇ ನಡೆದುಕೊಂಡು ಹೋಗುತ್ತದೆ ಎಂದು ನಾನು ನಂಬಿದ್ದೆ. ಅವಳ ಓದು ಒಂದು ದಿನ ಮುಗಿಯುತ್ತದೆ ಎಂಬುದನ್ನು ಯೋಚಿಸಿಯೇ ಇರಲಿಲ್ಲ.

ನಮ್ಮ ಕಡೆ ಮಲ್ಲಿಗೆಯವರಿಗೆ ಒಂದು ಅಭ್ಯಾಸ. ಗಿಡ ಮೊಗ್ಗಿನಿಂದ ಬಾಗಿ ನಿಂತಿದ್ದರೂ ಯಾರಾದರೂ ಕೇಳಿದರೆ, “ಎಂತದೂ ಇಲ್ಲ ಮಾರಾಯ್ರೆ, ಈ ಸಲ ರೋಗ” ಎನ್ನುವುದು. ದೃಷ್ಟಿ ತಾಗಬಾರದಲ್ಲ. ಮನೆಯ ಮಕ್ಕಳ ವಿಷಯದಲ್ಲೂ ಹಾಗೆಯೇ. ಹೊರಗಿನವರ ಮುಂದೆ ನಮ್ಮ ಮಕ್ಕಳನ್ನು ನಾವು ಹೊಗಳುವುದಿಲ್ಲ, ದಡ್ಡರೆನ್ನುತ್ತೇವೆ. ಕೇಳುವವರೂ ನಮ್ಮವರೇ ಆದ್ದರಿಂದ ಅವರು ಅದನ್ನು ತಿರುಗಿಸಿ ಅರ್ಥ ಮಾಡಿಕೊಳ್ಳುತ್ತಾರೆ.

ಮೇಡಮ್ಮನಿಗೆ ಈ ಅಭ್ಯಾಸ ಕಂಡರೆ ಆಗುತ್ತಿರಲಿಲ್ಲ. ತಂಗಿ ಮನೆಗೆ ಬಂದು ಅವರ ಹಾಗೆಯೇ ಹುಬ್ಬೇರಿಸಿ ಮಾತಾಡಿ ತೋರಿಸುತ್ತಿದ್ದಳು. ಇವಳು ಮೊದಲ ಸಲ ಬರೆದುಕೊಂಡು ಹೋದ ಬಯೋಡೇಟಾ ಅರ್ಧ ಪುಟವೂ ಇರಲಿಲ್ಲವಂತೆ.

“ಬೆಳಿಗ್ಗೆ ಕಾಲೇಜಿಗೆ ಬರುವ ಮೊದಲು ಎಂತ ಮಾಡುತ್ತೀ?”

“ಎಂತ ಇಲ್ಲ ಮೇಡಂ. ಸ್ವಲ್ಪ ಹೂ ಕಟ್ಟುತ್ತೇನೆ.”

“ಸ್ವಲ್ಪ ಅಂದರೆ? ಇಡೀ ಮನೆ ಅದರಲ್ಲಿ ಉಣ್ಣುತ್ತದೆ, ಹೊತ್ತು ತಪ್ಪಿದರೆ ಹೂ ಹಾಳು, ಆದರೂ ಒಂದು ದಿನ ಕ್ಲಾಸಿಗೆ ತಡ ಮಾಡಲಿಲ್ಲ. ಅದು ಸ್ವಲ್ಪವಾ? ಇದ್ದದ್ದನ್ನು ಸಣ್ಣ ಮಾಡಿ ಹೇಳುವುದೂ ಸುಳ್ಳೇ ಮಾರಾಯ್ತಿ. ಬರಿ ಅದನ್ನು.”

ಅವರು ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮಕ್ಕಳ ಅರ್ಜಿಗಳನ್ನು ತೊಡೆಯ ಮೇಲಿಟ್ಟು ತಿದ್ದುತ್ತಿದ್ದುದರಿಂದ ಅವರ ಅಕ್ಷರ ತಿರುವುಗಳಲ್ಲೆಲ್ಲ ಓರೆಯಾಗುತ್ತಿತ್ತು. ಅವರ ಕೋಣೆಯ ಕಪಾಟಿನಲ್ಲಿ ಕಪ್ಪು ಕೋಟುಗಳು ತೂಗುತ್ತಿದ್ದವು, ಕೋಟಿಲ್ಲದ ಮಕ್ಕಳು ಇಂಟರ್‌ವ್ಯೂ ದಿನ ತೊಟ್ಟುಕೊಳ್ಳಲಿಕ್ಕೆ. ಪ್ರತಿಯೊಂದರ ಜೇಬಿನಲ್ಲೂ ಒಂದು ಶುಂಠಿ ಪೆಪ್ಪರಮಿಂಟು. “ಗಂಟಲು ಒಣಗಿದರೆ ಬಾಯಿಗೆ ಹಾಕಿಕೋ. ಆದರೆ ಕಚ್ಚಬೇಡ, ಶಬ್ದ ಬರುತ್ತದೆ.”

ನಾನು ಅವರನ್ನು ನೋಡಿದ್ದು ಬಸ್ಸಿಲ್ಲದ ಒಂದು ದಿನ. ಇಂಟರ್‌ವ್ಯೂ ಅಭ್ಯಾಸ ಇದೆಯೆಂದು ತಂಗಿ ಚಡಪಡಿಸುತ್ತಿದ್ದಳು. ಉದ್ಯಾವರದ ಮೇಲೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಅವಳು ಒಳಗೆ ಹೋದಳು, ನಾನು ಗಾಜಿನ ಬಾಗಿಲಿನ ಹೊರಗೆ ನಿಂತೆ. ಅಂಗಿಯ ಮೇಲೆ ಬಾಳೆನಾರಿನ ಕಲೆ ಇತ್ತು. ಗಾಜಿನ ಆಚೆ ಎಲ್ಲರೂ ನೀರಿನೊಳಗೆ ಇದ್ದ ಹಾಗೆ, ಬಾಯಿ ಆಡುತ್ತಿದೆ, ಸದ್ದಿಲ್ಲ. ಬೆನ್ನ ಹಿಂದೆ, ಗುಡ್ಡದ ಕೆಳಗೆ, ಬಹಳ ದೂರದಲ್ಲಿ ಸಮುದ್ರ ಒಂದು ಬೆಳ್ಳಿಯ ಗೆರೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಬಾಗಿಲು ತೆರೆದು ತಣ್ಣನೆಯ ಗಾಳಿ ಮುಖಕ್ಕೆ ಬಂತು. ಆ ಬಿಳಿ ಹುಬ್ಬಿನ ಹೆಂಗಸು ತುಳುವಿನಲ್ಲಿ “ಬಲೆ, ಕುಲ್ಲುಲೆ” ಎಂದು, ಬಂದು ಕೂರಲು ಒಳಗೆ ಕರೆದರು.

ಕೂರಿಸಿದ್ದು ಎಲ್ಲಿ? ಇಂಟರ್‌ವ್ಯೂ ಮಾಡುವವರ ಕುರ್ಚಿಯಲ್ಲಿ. ಎದುರಿಗೆ ಎರವಲು ಕೋಟು ತೊಟ್ಟ ನನ್ನ ತಂಗಿ. ಮನೆಯವರು ಯಾರಾದರೂ ಬಂದರೆ ಮೇಡಂ ಹೀಗೆಯೇ ಮಾಡುತ್ತಿದ್ದರಂತೆ.

“ನೀವು ಕೇಳಿ. ನಮ್ಮ ಪ್ರಶ್ನೆಗೆಲ್ಲ ಇವಳು ಬಾಯಿಪಾಠ ಉತ್ತರ ಕೊಡುತ್ತಾಳೆ.”

“ನಾನೆಂತ ಕೇಳುವುದು ಮೇಡಂ, ನನಗೆಂತ ಗೊತ್ತುಂಟು?”

“ನಿಮ್ಮ ಮನಸ್ಸಿನಲ್ಲಿ ಇರುವುದನ್ನೇ ಕೇಳಿ.”

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ತಂಗಿಯನ್ನು ಮನೆಯಲ್ಲಿ ಕಾಡಿಸುತ್ತಿದ್ದ ಮಾತೇ ಬಾಯಿಗೆ ಬಂತು. “ಅಲ್ಲ, ಗಂಜಿ ಉಣ್ಣಬೇಡಿ ಅಂತ ಹೇಳಲಿಕ್ಕೆ ಇಷ್ಟು ವರ್ಷ ಓದಬೇಕಾ?”

ಸುತ್ತ ಇದ್ದ ಮಕ್ಕಳು ನಕ್ಕರು. ತಂಗಿ ನಗಲಿಲ್ಲ. “ಗಂಜಿ ಉಣ್ಣಬೇಡಿ ಅಂತ ಹೇಳಲಿಕ್ಕೆ ಓದುವುದೇ ಬೇಡ ಅಣ್ಣ,” ಎಂದಳು. “ಅದನ್ನು ಡಾಕ್ಟರ್ ಒಂದು ನಿಮಿಷದಲ್ಲಿ ಹೇಳಿ ಕಳಿಸಿದ್ದಾರೆ. ಅಮ್ಮ ಕೇಳಿದ್ದಾರಾ? ಮನೆಗೆ ಬಂದು ಎಂದಿನ ಹಾಗೆ ಉಂಡರು, ಸಕ್ಕರೆ ಏರಿತು. ಗಂಜಿಯೇ ಊಟ ಅಂತ ಬದುಕಿದವರಿಗೆ ಗಂಜಿ ಬಿಡಿ ಅಂದರೆ, ನೀವು ನಮ್ಮವರಲ್ಲ ಅಂದ ಹಾಗೆ ಕೇಳುತ್ತದೆ. ಗಂಜಿ ಇರಲಿ, ಎಷ್ಟಿರಲಿ, ಯಾವಾಗ, ಅದರೊಟ್ಟಿಗೆ ಹೆಸರುಕಾಳಾ, ಬಸಳೆಯಾ, ಮೀನಾ, ಅವರಿಗೆ ಬೇಸರ ಆಗದ ಹಾಗೆ ಅದನ್ನು ಹೇಳುವುದು ಹೇಗೆ? ನಾನು ಓದಿದ್ದು ಅದನ್ನು.”

ಮೇಡಮ್ಮನ ಹುಬ್ಬು ಮೇಲೆಯೇ ಇತ್ತು. “ಇದನ್ನೇ ಹೇಳು,” ಎಂದರು, “ಯಾವ ಆಸ್ಪತ್ರೆಯವರು ಕೇಳಿದರೂ ಅಣ್ಣನಿಗೆ ಹೇಳಿದ ಹಾಗೆಯೇ ಹೇಳು.”

ನನಗೆ ಹೆಮ್ಮೆಯಾಯಿತು ಎಂದು ಬರೆದರೆ ಅರ್ಧ ನಿಜ. ಆ ಕುರ್ಚಿಯಲ್ಲಿ ಕೂತು ನನಗೆ ಮೊದಲು ಅನಿಸಿದ್ದು, ಇವಳು ಹೋಗುತ್ತಾಳೆ ಎಂದು. ಮರಳಿ ಬರುವಾಗ ಅವಳು ಹಿಂದೆ ಕೂತು ಹಾಡು ಗುನುಗುತ್ತಿದ್ದಳು. ನನ್ನ ಕಣ್ಣ ಮುಂದೆ ಬಲ್ಬಿನ ಕೆಳಗೆ ಅಮ್ಮ ಒಬ್ಬಳೇ ಕೂತ ಚಾವಡಿ ತೇಲುತ್ತಿತ್ತು.

ಮಂಗಳೂರಿನ ಒಂದು ಆಸ್ಪತ್ರೆಯ ಕೆಲಸಕ್ಕೆ ತಂಗಿಯೂ ಅವಳ ಗೆಳತಿಯೊಬ್ಬಳೂ ಹೋಗಿ ಬಂದರು. ಇಂಟರ್‌ವ್ಯೂ ಚೆನ್ನಾಗಿಯೇ ಆಗಿತ್ತು. ಅರ್ಜಿಯಲ್ಲಿ ಇಬ್ಬರ ಬಗ್ಗೆಯೂ ವಿಚಾರಿಸಲು ಮೇಡಮ್ಮನ ಹೆಸರಿತ್ತು. ಮನೆಯವರ ನಂಬರು ಎಂದು ತಂಗಿ ನನ್ನದನ್ನು ಕೊಟ್ಟಿದ್ದಳು.

ನಾನು ಗಿಡಗಳ ನಡುವೆ ಇದ್ದಾಗ ಫೋನ್ ಬಂತು. ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳು, ಬಯಲುಸೀಮೆಯ ಕನ್ನಡ. ಹಾಸ್ಟೆಲಿನಲ್ಲಿ ಇರಬೇಕಾಗುತ್ತದೆ, ಮನೆಯವರು ಒಪ್ಪುತ್ತೀರಾ, ನಿಮ್ಮ ತಂಗಿ ಕೆಲಸದಲ್ಲಿ ಹೇಗೆ ಎಂದು ನಯವಾಗಿ ಕೇಳಿದರು.

ನಾನು ಹೇಳಿದ್ದು ಇದು: “ಅಯ್ಯೋ, ಅವಳಿಗೆ ಎಂತ ಗೊತ್ತುಂಟು ಮೇಡಂ? ಸಣ್ಣ ಹುಡುಗಿ. ಮನೆಯಲ್ಲಿ ಒಂದು ಲೋಟ ತೊಳೆಯಲಿಕ್ಕೂ ಹತ್ತು ಸಲ ಹೇಳಬೇಕು. ಹೊರಗೆ ಒಬ್ಬಳೇ ಇದ್ದು ಅಭ್ಯಾಸವೂ ಇಲ್ಲ. ನೀವೇ ನೋಡಿ.”

ಆಚೆ ಕಡೆಯವರು ತಿರುಗಿಸಿ ಅರ್ಥ ಮಾಡಿಕೊಳ್ಳುವವರಲ್ಲ. “ಸರಿ ಸರ್, ಹೇಳಿದ್ದು ಒಳ್ಳೇದಾಯ್ತು ಬಿಡ್ರಿ” ಎಂದು ಇಟ್ಟರು. ಕೆಲಸ ಗೆಳತಿಗೆ ಹೋಯಿತು.

ತಂಗಿ ಅಳಲಿಲ್ಲ. ಹೂ ಕಟ್ಟುತ್ತ ಕಟ್ಟುತ್ತ ಅಮ್ಮನೊಡನೆ ಹೇಳಿದಳು: “ಮಾರ್ಕು ನನಗೆ ಜಾಸ್ತಿ. ಇಂಟರ್‌ವ್ಯೂನಲ್ಲಿ ಹೊಗಳಿದ್ದು ನನ್ನನ್ನು. ಮತ್ತೆ ವಿಚಾರಿಸಿದ್ದು ಯಾರ ಹತ್ತಿರ? ಮೇಡಮ್ಮನ ಹತ್ತಿರ. ಆ ಹುಡುಗಿ ಇಂಗ್ಲಿಷ್ ಮೀಡಿಯಮ್ಮಿನವಳು, ಅವಳ ಬಗ್ಗೆ ಎರಡು ಮಾತು ಹೆಚ್ಚು ಹೇಳಿರಬೇಕು. ಎದುರಿಗೆ ಮಾತ್ರ ಎಷ್ಟು ಚಂದ ಮಾತಾಡುತ್ತಾರೆ ಅಲ್ವಾ ಅಣ್ಣ?”

ನಾನು ಪಕ್ಕದಲ್ಲಿಯೇ ಕೂತು ಬಾಳೆನಾರು ಸೀಳುತ್ತಿದ್ದೆ. “ದೊಡ್ಡವರು ಹಾಗೆಯೇ,” ಎಂದೆ.

ಮೇಡಂ ನನಗೆ ಫೋನ್ ಮಾಡಿದರು. ಆಸ್ಪತ್ರೆಯವರನ್ನು ಕೇಳಿ ತಿಳಿದುಕೊಂಡಿದ್ದರು.

“ನೀವು ಹಾಗೆ ಹೇಳಿದ್ದು ಹೌದಾ?”

“ನಾವು ಹಾಗೆಯೇ ಅಲ್ವಾ ಮೇಡಂ ಮಾತಾಡುವುದು? ನಮ್ಮವರನ್ನು ನಾವೇ ಹೊಗಳಲಿಕ್ಕೆ ಆಗುತ್ತದಾ?”

“ಅದು ನನಗೆ ಗೊತ್ತುಂಟು. ನಾನೂ ಇಲ್ಲಿಯವಳೇ. ನನ್ನ ಅಮ್ಮ ನನ್ನನ್ನು ಕತ್ತೆ ಅಂತಲೇ ಪರಿಚಯ ಮಾಡಿಸುತ್ತಿದ್ದದ್ದು.” ಮತ್ತೆ ಮೆತ್ತಗೆ ಕೇಳಿದರು. “ಅಷ್ಟೇಯಾ?”

ಅವರು ಕಾದರು. ಆ ಹುಬ್ಬು ಮೇಲೇರಿ ನಿಂತದ್ದು ಫೋನಿನಲ್ಲೂ ಕಂಡ ಹಾಗಾಯಿತು. ಕಡೆಗೆ ನಾನು, “ಅವಳು ಹೋದರೆ ಮನೆ ಖಾಲಿ ಮೇಡಂ,” ಎಂದೆ. ಆ ಮಾತನ್ನು ಅದಕ್ಕೆ ಮುಂಚೆ ನನಗೆ ನಾನೇ ಹೇಳಿಕೊಂಡಿರಲಿಲ್ಲ.

“ಹೂಂ,” ಎಂದರು. ಬೈಯಲಿಲ್ಲ. “ಅವಳಿಗೆ ನನ್ನ ಮೇಲೆ ಸಿಟ್ಟುಂಟು, ಫೋನ್ ತೆಗೆಯುವುದಿಲ್ಲ. ಇರಲಿ. ಕೆಲಸ ಇನ್ನೊಂದು ಹುಡುಕಬಹುದು, ಅಣ್ಣ ಒಬ್ಬನೇ ಇರುವುದಲ್ವಾ. ನಾನು ಹೇಳುವುದಿಲ್ಲ. ನಿಮಗೆ ಧೈರ್ಯ ಬಂದಾಗ ನೀವೇ ಹೇಳಿ.”

ಆಮೇಲೆ ಅವರು ಕೆಲಸಗಳ ಸುದ್ದಿಯನ್ನು ನನ್ನ ಫೋನಿಗೆ ಕಳಿಸತೊಡಗಿದರು. ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಕನ್ನಡದಲ್ಲಿಯೇ ಟೈಪು ಮಾಡಿ, ಕೆಳಗೆ “ನನ್ನ ಹೆಸರು ಬೇಡ” ಎಂದು ಸೇರಿಸುತ್ತಿದ್ದರು. ಹೂವಿನ ಖರೀದಿಯವರು ಹೇಳಿದರು, ಬಸ್ಸಿನಲ್ಲಿ ಒಬ್ಬರು ಸಿಕ್ಕಿದ್ದರು ಎಂದೆಲ್ಲ ನಾನು ತಂಗಿಗೆ ದಾಟಿಸುತ್ತಿದ್ದೆ. ಹಾಗೆ ಸಿಕ್ಕಿದ್ದು ಮೈಸೂರಿನ ಆಸ್ಪತ್ರೆಯ ಕೆಲಸ. ಈ ಸಲ ಅಲ್ಲಿಂದ ಫೋನ್ ಬಂದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುವಾಗ ಯಾರದೋ ಮಗಳ ಬಗ್ಗೆ ಮಾತಾಡಿದ ಹಾಗಾಯಿತು.

ಮೊದಲ ಸಂಬಳದಲ್ಲಿ ತಂಗಿ ನನಗೊಂದು ನೀಲಿ ಅಂಗಿ ತಂದಳು. “ಅಷ್ಟು ದೊಡ್ಡ ಸೆಂಟರಿನವರಿಗೆ ಆಗದ್ದು ನನ್ನ ಅಣ್ಣನಿಗೆ ಆಯಿತು,” ಎಂದು ಅಮ್ಮನ ಮುಂದೆ ಹೇಳಿ ನಕ್ಕಳು. ನಾನು ಅಂಗಿ ಹಾಕಿಕೊಂಡೆ. ಚಂದ ಉಂಟು ಎಂದೆ.

ಮನೆ ಖಾಲಿಯಾಗಲಿಲ್ಲ. ಹೂ ಕಟ್ಟಲು ಪಕ್ಕದ ಮನೆಯ ಬಾಯಮ್ಮ ಬಂದು ಅಮ್ಮನ ಜೊತೆ ಕೂತರು. ಕೊಂಕಣಿ, ತುಳು ಬೆರೆಸಿ ಇಬ್ಬರೂ ಊರಿನ ಸುದ್ದಿ ಮಾತಾಡುತ್ತ ಕಟ್ಟುತ್ತಾರೆ. ಇಷ್ಟು ಸುಲಭವಾಗಿತ್ತು ಅದು.

ತಂಗಿಗೆ ಹೇಳಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಅವಳು ರಜೆಗೆ ಬಂದು ಹೋಗುವಳು. ಮುಂದಿನ ಸಲ ಹೇಳುತ್ತೇನೆ ಎಂದುಕೊಳ್ಳುವೆ. ಹೀಗೆಯೇ ವರ್ಷಗಳು ಕಳೆದವು. ಈ ಮಳೆಗಾಲ ಮುಗಿದ ಮೇಲೆ ಮೇಡಮ್ಮನ ನಂಬರಿಗೆ, ಹೇಗಿದ್ದೀರಿ ಎಂದು ಸುಮ್ಮನೆ ಒಂದು ಮಾತು ಕಳಿಸಿದೆ. ಉತ್ತರ ಕೊಟ್ಟದ್ದು ಅವರ ಗಂಡ. ಮೇಡಂ ತೀರಿಕೊಂಡು ತಿಂಗಳಾಗಿತ್ತು.

ನಾನು ಕಾರ್ಕಳಕ್ಕೆ ಹೋದೆ. ಬಸ್ಸಿನ ಕಿಟಕಿಯ ಆಚೆ ಮಂಜಿನಲ್ಲಿ ಕರಿಬಂಡೆಗಳು ಮಲಗಿದ ದನಗಳ ಹಾಗೆ ಹಿಂದೆ ಹಿಂದೆ ಸರಿಯುತ್ತಿದ್ದವು. ಇದೇ ದಾರಿಯ ತಿರುವುಗಳಲ್ಲಿ ಅವರು ನನ್ನ ತಂಗಿಯ ಅರ್ಜಿ ತಿದ್ದಿದ್ದರು. ಮನೆಯಲ್ಲಿ ಅವರ ಗಂಡ ಕಾಫಿ ಕೊಟ್ಟರು. ನಾನು ಯಾರೆಂದು ಹೇಳಿದಾಗ ಅವರ ಮುಖ ಅರಳಿತು.

“ಓ, ಮಲ್ಲಿಗೆಯವರು! ನಿಮ್ಮ ತಂಗಿಯ ವಿಷಯ ತುಂಬ ಹೇಳುತ್ತಿದ್ದಳು. ಮೈಸೂರಿನಲ್ಲಿ ಅಲ್ವಾ? ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ. ನನ್ನ ಬಗ್ಗೆ ಎಂತಾದರೂ ಹೇಳಿದ್ದರಾ?”

“ನಿಮ್ಮ ಬಗ್ಗೆಯಾ?” ಅವರು ಯೋಚಿಸಿದರು. “ಇಲ್ಲ. ಎಂತ ಹೇಳಬೇಕಿತ್ತು?”

ಅಲ್ಲಿಂದ ಎದ್ದು ರಸ್ತೆಗೆ ಬಂದವನೇ ತಂಗಿಗೆ ಫೋನ್ ಮಾಡಿದೆ. ಮೇಡಂ ಹೋದ ಸುದ್ದಿ ಹೇಳಿದೆ. ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು. ಗಿಡಗಳ ನಡುವೆ ನಿಂತು ಆಡಿದ ಮಾತು, “ದೊಡ್ಡವರು ಹಾಗೆಯೇ” ಎಂದದ್ದು, ಮೈಸೂರಿನ ಕೆಲಸದ ಸುದ್ದಿ ಬಂದದ್ದು ಯಾರಿಂದ ಎಂಬುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಚೆ ಕಡೆ ಆಸ್ಪತ್ರೆಯ ತಳ್ಳುಗಾಡಿಯೊಂದು ಕಿರುಗುಟ್ಟುತ್ತ ದಾಟಿಹೋಯಿತು.

“ಅಣ್ಣ,” ಎಂದಳು. “ಕಳೆದ ವರ್ಷ ಅವರು ಇಲ್ಲಿಗೆ ಬಂದಿದ್ದರು. ಯಾರನ್ನೋ ನೋಡಲಿಕ್ಕೆ ಇರಬೇಕು. ಮೆಟ್ಟಿಲ ಹತ್ತಿರ ನನ್ನನ್ನು ಕಂಡು ಕೈ ಎತ್ತಿದರು. ನಾನು ಕಾಣದ ಹಾಗೆ ಮಾಡಿ ಒಳಗೆ ಹೋದೆ.”

ನಾನು ರಸ್ತೆಯ ಬದಿಗೆ ಸರಿದು ನಿಂತೆ.

“ಎತ್ತಿದ ಕೈ ಹಾಗೆಯೇ ಇತ್ತು ಅಣ್ಣ. ನಾನು ಬಾಗಿಲಿನ ಗಾಜಿನಲ್ಲಿ ನೋಡಿದೆ.” ಆಮೇಲೆ, “ಅವರ ಮನೆ ಎಲ್ಲಿ?” ಎಂದು ಕೇಳಿದಳು.

“ನೀನು ಬಾ. ನಾನು ಕರೆದುಕೊಂಡು ಹೋಗುತ್ತೇನೆ.”

“ಬೇಡ. ನೀನು ಬರುವುದು ಬೇಡ. ದಾರಿ ಹೇಳು.”

ನಾನು ರಸ್ತೆಯ ಬದಿಯಲ್ಲಿ ನಿಂತು ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆನೆಕೆರೆಯ ಕಡೆಗೆ ನಡೆ. ಕೆರೆ ಎಡಕ್ಕೆ ಬರುತ್ತದೆ. ದಾಟಿದ ಮೇಲೆ ಸೈಕಲ್ ರಿಪೇರಿಯ ಅಂಗಡಿ, ಅದರ ಪಕ್ಕದಲ್ಲಿ ಏರು ದಾರಿ. ಏರು ಮುಗಿಯುವಲ್ಲಿ ಬಂಡೆಗೆ ಒರಗಿಸಿ ಕಟ್ಟಿದ ಹಂಚಿನ ಮನೆ, ಹಸಿರು ಗೇಟು. ನಾಯಿ ಬೊಗಳುತ್ತದೆ, ಏನೂ ಮಾಡುವುದಿಲ್ಲ. ಅವಳು ಒಂದೊಂದಕ್ಕೂ “ಹೂಂ” ಎನ್ನುತ್ತ ಬರೆದುಕೊಂಡಳು. ನಾನು ಒಂದು ತಿರುವನ್ನೂ ಬಿಡದೆ ಹೇಳಿದೆ.