ನುಸಿ ನುಗ್ಗುವ ಬಲೆ

ಓಣಿಯವರೆಲ್ಲ ಅವಳನ್ನು ಟೆಂಟಮ್ಮ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ಕೂತು ಟೆಂಟು ಹೊಲಿದವಳಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ. ತಮಾಷೆಯೆಂದರೆ, ಅವಳು ಒಂದು ರಾತ್ರಿಯೂ ಟೆಂಟಿನಲ್ಲಿ ಮಲಗಿದವಳಲ್ಲ. "ಮನೇಲಿ ಮಂಚ ಇಟ್ಕೊಂಡು ಕಲ್ಲಿನ ಮೇಲೆ ಮಲಗೋಕೆ ಹೋಗ್ತಾರಲ್ಲ, ಏನು ಜನಾನೋ," ಎಂದು ನಗುತ್ತಿದ್ದಳು. ಆದರೆ ಅದೇ ಜನಕ್ಕಾಗಿ ಟೆಂಟಿನ ಬಾಗಿಲಿಗೆ ಸೊಳ್ಳೆಬಲೆ ಕೂರಿಸುವಾಗ ನಗು ನಿಲ್ಲುತ್ತಿತ್ತು. ಅಂಚನ್ನು ಎರಡು ಸಲ ಮಡಚಿ, ಎರಡು ಸಾಲು ಹೊಲಿಗೆ ಹಾಕಿ, ಮೂಲೆ ಮೂಲೆಗೂ ಬೆರಳಿಟ್ಟು ಒತ್ತಿ ನೋಡಿದ ಮೇಲೇ ಪಕ್ಕಕ್ಕಿಡುವುದು.

ಅಂಥವಳ ತಲೆಯ ಮೇಲೆ ಗೂಬೆ ಕೂರಿಸಲು ಹೊರಟರು.

ಅವತ್ತು ಶನಿವಾರ. ಒಬ್ಬ ತಾಯಿ ಟೆಂಟನ್ನು ಹೊತ್ತು ತಂದು ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿ, ತನ್ನ ಮಗಳ ಫೋಟೊ ತೋರಿಸಿ ಹೋಗಿದ್ದಳು. ಬಾಗಿಲ ಜಿಪ್ಪು ಎಳೆದೇ ಮಲಗಿದ್ದರಂತೆ. ಬೆಳಗಾಗುವಷ್ಟರಲ್ಲಿ ಕಣ್ಣು ಬಿಡಲಾರದಷ್ಟು ಮಗುವಿನ ಮುಖ ಊದಿತ್ತು. ಮ್ಯಾನೇಜರ್ ಟೆಂಟಮ್ಮನನ್ನು ಕರೆಸಿ ಒಂದು ಕಾಗದ ಮುಂದಿಟ್ಟ.

"ಮೂಲೇಲಿ ಹೊಲಿಗೆ ಬಿಟ್ಟಿದೆ, ಅಲ್ಲಿಂದ ಹುಳ ನುಗ್ಗಿದೆ ಅಂತ ಬರೆದಿದೀನಿ. ಒಂದು ಸಹಿ ಹಾಕಿಬಿಡಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಟೆಂಟನ್ನು ಒಳಹೊರಗು ಮಾಡಿ ನಾಲ್ಕು ಮೂಲೆಯನ್ನೂ ತಡವಿದಳು. ಒಂದು ಎಳೆ ಬಿಟ್ಟಿದ್ದರೆ ಕೇಳಿ. ಕೆಟ್ಟದ್ದು ಬಲೆ. ಮೂರು ತಿಂಗಳ ಹಿಂದೆ ಬಂದ ಹೊಸ ಬಲೆಯ ಕಣ್ಣು ದೊಡ್ಡದು. ಸೊಳ್ಳೆ ನಿಲ್ಲುತ್ತದೆ, ಸೊಳ್ಳೆಗಿಂತ ಸಣ್ಣದು, ಕಚ್ಚಿದ ಮೇಲಷ್ಟೇ ಗೊತ್ತಾಗುವ ನುಸಿ ನಿಲ್ಲುವುದಿಲ್ಲ. ಅಂದೇ ಅವಳು ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮ್ಯಾನೇಜರನ ಲೆಕ್ಕಾಚಾರ ಅರ್ಥವಾಗದಷ್ಟು ದಡ್ಡಿಯೇನಲ್ಲ ಅವಳು. ಹೊಲಿಗೆಯ ತಪ್ಪಾದರೆ ಕೆಟ್ಟದ್ದು ಒಂದೇ ಟೆಂಟು. ಬಲೆಯ ತಪ್ಪಾದರೆ, ಅದೇ ಬಲೆ ಹಾಕಿ ಶಾಲೆಯೊಂದಕ್ಕೆಂದು ಕಟ್ಟಿಟ್ಟ ನಲವತ್ತು ಟೆಂಟೂ ಕೆಟ್ಟವೇ. ಸೋಮವಾರ ಅವನ್ನು ಒಯ್ದು ಹತ್ತು ವರ್ಷದ ಮಕ್ಕಳನ್ನು ಮೂರು ರಾತ್ರಿ ಕೆರೆ ದಡದಲ್ಲಿ ಮಲಗಿಸುವವರಿದ್ದರು.

"ಸಹಿ ಆಮೇಲೆ ಸಾರ್," ಎಂದಳು. "ಸಂಜೆ ಹಿತ್ತಲಿಗೆ ಬನ್ನಿ. ಮಹಾ ಏನಿಲ್ಲ, ಅರ್ಧ ಗಂಟೆ ಇದರೊಳಗೆ ಕೂತ್ಕೊಳ್ಳಿ."

ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು. ಅಷ್ಟು ಹೆಂಗಸರೆದುರು ಆಗಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಹೊತ್ತು ಮುಳುಗುವ ಹೊತ್ತಿಗೆ ಮೋರಿ ಪಕ್ಕ ಟೆಂಟು ಎದ್ದಿತು. ಟೆಂಟಮ್ಮ ತುಂಬುತೋಳಿನ ರವಿಕೆ ತೊಟ್ಟು, ಕಾಲುಚೀಲ ಏರಿಸಿ, ತಲೆಗೆ ಬಟ್ಟೆ ಸುತ್ತಿ ಒಳಗೆ ಕೂತಳು. ಅವನು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ದೊರೆಯ ಹಾಗೆ ಬಂದ. ಹತ್ತು ನಿಮಿಷಕ್ಕೆ ಕತ್ತು, ಕಿವಿ, ಮೊಣಕೈ ಪರಪರ ಕೆರೆಯತೊಡಗಿದ. ಹನ್ನೆರಡನೆಯ ನಿಮಿಷಕ್ಕೆ ಜಿಪ್ಪು ಎಳೆದು ಹೊರಗೆ ಬಿದ್ದ.

"ಹೊಲಿಗೆ ಸರಿಯಾಗೇ ಇದೆ, ಒಪ್ಕೊಂಡೆ. ಆ ಕಾಗದ ಹರಿದು ಹಾಕ್ತೀನಿ. ಆಯ್ತಲ್ಲ?"

"ಶಾಲೆ ಟೆಂಟು?"

"ಅದು ಹೋಗುತ್ತೆ. ಮೂರು ದಿನದ ಮಾತು, ಯಾರೂ ಸತ್ತುಹೋಗಲ್ಲ. ನಿಮ್ಮ ಮೇಲೇನೂ ಬರಲ್ವಲ್ಲ, ಬಿಡಿ."

ಬಿಡಿ ಅಂತೆ. ಅದಕ್ಕೆ ಅವಳಿಗೆ ಬಂದ ಸಿಟ್ಟು ಕಾಗದ ಮುಂದಿಟ್ಟಾಗಲೂ ಬಂದಿರಲಿಲ್ಲ. ಭಾನುವಾರವಿಡೀ ಪಾತ್ರೆಗಳ ಮೇಲೆ ತೀರಿಸಿಕೊಂಡಳು. "ಅತ್ತೆ, ತಪ್ಪು ನಿಮ್ಮದಲ್ಲ ಅಂತ ಅವರೇ ಒಪ್ಪಿದ ಮೇಲೆ ಇನ್ನೇನು?" ಎಂದು ಸೊಸೆ ಕೇಳಿದಳು. ಟೆಂಟಮ್ಮ ಇನ್ನೊಂದು ಪಾತ್ರೆ ಕುಕ್ಕಿದಳು. ಬಲೆ ಕೆಟ್ಟದ್ದೆಂದು ಒಮ್ಮೆ ಹೇಳಿ, ಆಮೇಲೆ ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಹೊಲಿದವಳು ಯಾರು ಎಂಬುದು ಅವಳಿಗೆ ಗೊತ್ತಿತ್ತು.

ಸೋಮವಾರ ಲಾರಿಯ ಜೊತೆ ಶಾಲೆಯ ಮೇಡಂ ಖುದ್ದಾಗಿ ಬಂದರು. ಎಂಟು ಟೆಂಟು ಏರಿದ್ದವು. ಟೆಂಟಮ್ಮ ಎದ್ದು ಬಾಗಿಲಿಗೆ ಹೋದಳು. ಮ್ಯಾನೇಜರ್ ಕಣ್ಣು ಕೆಕ್ಕರಿಸಿದ. ಅವಳು ಅದಕ್ಕೆ ಸೊಪ್ಪು ಹಾಕಲಿಲ್ಲ.

"ಮೇಡಂ, ಇವನ್ನ ಒಯ್ಯಬೇಡಿ. ಬಲೇಲಿ ನುಸಿ ನುಗ್ಗುತ್ತೆ. ಬೇರೆ ಟೆಂಟು ತಗೊಂಡ್ರೂ ಕೆರೆ ದಡ ಬೇಡ, ಗಾಳಿ ಆಡೋ ದಿಬ್ಬದ ಮೇಲೆ ಹಾಕಿ. ಸಂಜೆಗೆ ಮೊದಲೇ ಮಕ್ಕಳಿಗೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಅದರ ಮೇಲೆ ಕಾಲುಚೀಲ ಹಾಕಿಸಿ."

ಮ್ಯಾನೇಜರ್ ನಕ್ಕ. "ಕೆಲಸದವ್ರಿಗೆ ಯಾವುದೋ ಸಿಟ್ಟು ಇರುತ್ತೆ ಮೇಡಂ. ಇವರ ಮಾತು ಎಲ್ಲಿ ಕೇಳ್ತೀರಿ?"

ಮೇಡಂ ಟೆಂಟಮ್ಮನ ಕಡೆ ತಿರುಗಿದರು. "ನುಗ್ಗುತ್ತೆ ಅಂತ ನಿಮಗೆ ಹೇಗೆ ಗೊತ್ತಮ್ಮ?"

"ನಲವತ್ತನ್ನೂ ಹೊಲಿದವಳು ನಾನೇ," ಎಂದಳು ಅವಳು. "ಗೊತ್ತಿದ್ದೂ ಹೊಲಿದೆ."

ಮೇಡಂ ಲಾರಿಯವನಿಗೆ, ಏರಿಸಿದ್ದನ್ನು ಇಳಿಸು ಎಂದರು.