ಹದಿನೇಳು ಮಂದಿಯ ಉಸಿರು ಬಲ್ಲ ರ‍್ಯಾಪರ್

ಬೆಳಗಿನ ಐದು ಗಂಟೆ. ಇಂಗ್ಲೆಂಡಿನ ಉತ್ತರದ ಬೆಟ್ಟಸಾಲಿನ ಹಳ್ಳಿ ಥಾರ್ನ್‌ಕ್ಲಫ್‌ನ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಕೋಣೆಯಲ್ಲಿ ಹದಿನೇಳು ಕುರ್ಚಿಗಳಿವೆ, ಇರುವವರು ಒಬ್ಬರೇ. ಲೆನಾಕ್ಸ್ ಒಗ್ಡನ್ ಮೊದಲ ಕುರ್ಚಿಯಲ್ಲಿ ಕೂತು ಪುಟ್ಟ ತುತ್ತೂರಿಯಂಥ ಕಾರ್ನೆಟ್ ಊದುತ್ತಾರೆ. ಎದ್ದು ಪಕ್ಕದ ಕುರ್ಚಿಗೆ ಹೋಗಿ ಹಾರ್ನ್ ಎತ್ತಿಕೊಳ್ಳುತ್ತಾರೆ. ಆಮೇಲೆ ಟ್ರಾಂಬೋನ್, ಟ್ಯೂಬಾ, ಕೊನೆಗೆ ಡ್ರಮ್. ಒಂದೊಂದನ್ನೂ ಫೋನಿನಲ್ಲಿ ಮುದ್ರಿಸಿ ಒಂದರ ಮೇಲೊಂದು ಕೂರಿಸಿ ಕೇಳುತ್ತಾರೆ. ಇಡೀ ಬ್ಯಾಂಡ್ ನುಡಿದ ಹಾಗಿರುತ್ತದೆ. ಏಳೂ ಇಪ್ಪತ್ತಕ್ಕೆ ಬಸ್ಸಿನ ಸ್ಟೀರಿಂಗ್ ಹಿಡಿಯಬೇಕು. ಅಷ್ಟರೊಳಗೆ ಹಾರ್ನಿನ ಸ್ವರಲಿಪಿಯ ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ಎರಡು ಗೀಟು ಎಳೆಯುತ್ತಾರೆ.

"ಇಲ್ಲಿ ಹಾರ್ನ್ ಊದೋ ಎನಿಡ್ ಆಂಟಿಗೆ ಉಸಿರು ಸಾಲಲ್ಲ. ರ‍್ಯಾಪ್ ಮಾಡೋರಿಗೆ ಮೊದಲು ಗೊತ್ತಾಗೋದೇ ಅದು, ಎಲ್ಲಿ ಗಾಳಿ ಎಳ್ಕೋಬೇಕು ಅನ್ನೋದು. ಮಾತು ಆಮೇಲಿಂದು" ಅನ್ನುತ್ತಾರೆ.

ಲೆನಾಕ್ಸ್‌ಗೆ ಮೂವತ್ತೊಂಬತ್ತು. ತಂದೆ ಇದೇ ಬ್ಯಾಂಡಿನ ಟ್ರಾಂಬೋನ್ ವಾದಕ. ತಾಯಿ ಜಮೈಕಾದಿಂದ ನರ್ಸ್ ಕೆಲಸಕ್ಕೆ ಬಂದವರು. ಅವರ ಅಡುಗೆಮನೆಯ ರೇಡಿಯೋದಲ್ಲಿ ಆ ನಾಡಿನ ರೆಗ್ಗೆ ಸಂಗೀತ ನಿಂತದ್ದೇ ಇಲ್ಲ. ಎರಡೂ ಸೇರಿ ಆದ ಮಗ ಇವರು. 'ಮಗ್ಗದ ಲಾಳಿ' ಎಂಬ ಅರ್ಥದ ವೇದಿಕೆಯ ಹೆಸರಿಟ್ಟುಕೊಂಡು, ಹತ್ತೊಂಬತ್ತು ವರ್ಷಗಳಲ್ಲಿ ಹನ್ನೊಂದು ಆಲ್ಬಂ ಮಾಡಿದ್ದಾರೆ. ಏಳು ವಾದ್ಯ, ಒಂದು ಬಾಯಿ, ಎಲ್ಲವೂ ಅವರದೇ. ರ‍್ಯಾಪ್ ಕಾರ್ಯಕ್ರಮದವರು ಇದು ಜಾನಪದ ಎಂದರು, ಜಾನಪದದವರು ಇದು ರ‍್ಯಾಪ್ ಎಂದರು. ಒಬ್ಬ ನಿರ್ಮಾಪಕ, "ನಿನ್ನನ್ನ ಯಾವ ಪೆಟ್ಟಿಗೆಗೆ ಹಾಕೋದಯ್ಯಾ?" ಎಂದು ಕೇಳಿದನಂತೆ. "ಸತ್ತ ಮೇಲೆ ಹಾಕು ಅಂದೆ. ಮತ್ತೆ ಫೋನ್ ಮಾಡ್ಲಿಲ್ಲ."

ಎಂಟನೇ ವಯಸ್ಸಿನಲ್ಲಿ ಅವರಿಗೆ ಕಾರ್ನೆಟ್ ಕೊಟ್ಟದ್ದು ಊರ ಶಾಲೆ. ವಾದ್ಯ ಬಿಟ್ಟಿ, ಪಾಠ ಬಿಟ್ಟಿ. ಇವತ್ತು ಆ ಶಾಲೆಯಲ್ಲಿ ಅದಿಲ್ಲ. ಉಳಿತಾಯವೆಂದು ನಿಲ್ಲಿಸಿದವರ ಮಕ್ಕಳು ತಮ್ಮ ಮನೆಯಲ್ಲೇ ಪಿಯಾನೋ ಕಲಿಯುತ್ತಾರೆ. ಇದಕ್ಕೆ ಉಳಿತಾಯ ಅನ್ನಬಾರದು, ಕಿತ್ತುಕೊಂಡದ್ದು ಅನ್ನಬೇಕು. ಕಲಿಸದಿದ್ದರೆ ಹೊಸಬರು ಬರುವುದೆಲ್ಲಿಂದ? ಇಪ್ಪತ್ತೈದು ಜನರಿರಬೇಕಾದ ಬ್ಯಾಂಡ್ ಹದಿನೇಳಕ್ಕೆ ಇಳಿದಿದೆ. ಬಹುಪಾಲು ಅರವತ್ತು ದಾಟಿದವರು.

ಆ ಹದಿನೇಳು ಜನರಿಗಾಗಿಯೇ ಲೆನಾಕ್ಸ್ ಕಳೆದ ಚಳಿಗಾಲ ಒಂದು ಮಾರ್ಚ್, ಅಂದರೆ ಹೆಜ್ಜೆಯ ಲಯಕ್ಕೆ ನುಡಿಸುವ ರಚನೆ, ಬರೆದರು. ಕ್ರೈಸ್ತರ ಪೆಂಟೆಕೋಸ್ಟ್ ಭಾನುವಾರದ ನಂತರ ಬರುವುದು ವಿಟ್ ಶುಕ್ರವಾರ. ಬ್ಯಾಂಡುಗಳು ಬಸ್ಸೇರಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಸ್ಪರ್ಧಿಸುವ ದಿನ. ಸ್ಪರ್ಧೆಯಲ್ಲಿ ಬಾಯಿಮಾತಿಗೆ ಜಾಗವಿಲ್ಲ. ಹಾಗಾಗಿ ತಮ್ಮದೊಂದು ರ‍್ಯಾಪಿನ ನಡೆಯನ್ನು, ಮಾತು ತೆಗೆದು, ಹಾಗೇ ಹಾರ್ನುಗಳಿಗೆ ಹಂಚಿದರು. ಹದಿನೈದನೇ ವಯಸ್ಸಿಗೆ ಹತ್ತಿ ಗಿರಣಿಗೆ ಸೇರಿ ದೂಳು ಕುಡಿದ ಹೆಣ್ಣುಮಕ್ಕಳ ಮೇಲಿನ ರ‍್ಯಾಪ್ ಅದು. ಅವರಲ್ಲೊಬ್ಬರು ಹಾರ್ನ್ ಊದುವ ಎನಿಡ್ ಕ್ಲೆಗ್, ಎಪ್ಪತ್ತೊಂದು ವರ್ಷ.

ಬ್ಯಾಂಡ್ ಮುಖ್ಯಸ್ಥ ವಿಲ್ಫ್ ಬಟರ್‌ವರ್ತ್ ಹಾಳೆ ನೋಡಿ ಮುಖ ಸಿಂಡರಿಸಿದರು. "ಬಸ್ ಓಡಿಸೋ ಹಾಗೇ ಬರ್ದಿದ್ದೀಯಲ್ಲೋ ಲೆನ್. ಸ್ಟಾಪ್ ಬಂದ್ರೂ ನಿಲ್ಲಲ್ಲ."

"ಇದು ಮಾರ್ಚಾ? ಯಾರೋ ಜಗಳ ಆಡ್ದಂಗಿದೆ" ಎಂದರು ಎನಿಡ್.

"ಜಗಳಾನೇ ಆಂಟಿ."

"ಹಂಗಾದ್ರೆ ಊದ್ತೀನಿ. ಉಸಿರು ಬಿಡೋಕೆ ಜಾಗ ಇಟ್ಟಿರು ಅಷ್ಟೇ."

ಬ್ಯಾಂಡಿನ ಸಮಿತಿ ಮತ ಹಾಕಿ ಒಂದು ಕರಾರು ಮಾಡಿತು. ಅಂದು ಹೋಗುವ ಆರು ಹಳ್ಳಿಗಳಲ್ಲಿ ಮೊದಲನೆಯದರಲ್ಲಿ ಮಾತ್ರ ಲೆನಾಕ್ಸ್‌ನ ಮಾರ್ಚ್. ಅಲ್ಲಿ ಬರುವ ಮೂವತ್ತೆಂಟು ಬ್ಯಾಂಡುಗಳಲ್ಲಿ ಮೊದಲ ಅರ್ಧದಲ್ಲಿ ನಿಲ್ಲದಿದ್ದರೆ ಅದು ಬೀರು ಸೇರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಹತ್ತೊಂಬತ್ತು ವರ್ಷ ತಮ್ಮ ರಚನೆಗಳನ್ನು ಒಬ್ಬರೇ ನುಡಿಸಿದವರಿಗೆ, ಇನ್ನೊಬ್ಬರ ತುಟಿಗೆ ಹೋದ ಮೊದಲ ರಚನೆ ಅದು.

ಇವತ್ತೇ ಆ ಶುಕ್ರವಾರ. ಸಂಜೆ ನಾಲ್ಕೂವರೆ, ಬಿಸಿಲಿದೆ. ಮೊದಲ ಹಳ್ಳಿಯ ಶಾಲೆಯ ಬಯಲಿನಲ್ಲಿ ಮನೆಯಂಥ ಒಂದು ಕ್ಯಾರವಾನ್ ಗಾಡಿ, ಅದರ ಪರದೆಗಳೆಲ್ಲ ಮುಚ್ಚಿವೆ. ಒಳಗಿರುವ ತೀರ್ಪುಗಾರರಿಗೆ ಯಾವ ಊರು, ಯಾರ ಮುಖ, ಯಾವ ಬಣ್ಣ, ಒಂದೂ ಕಾಣುವುದಿಲ್ಲ. ಕಿವಿ ಮಾತ್ರ. ಥಾರ್ನ್‌ಕ್ಲಫ್‌ನವರು ಅದರ ಮುಂದೆ ನಿಂತು ನುಡಿಸುತ್ತಾರೆ. ಮಧ್ಯದಲ್ಲಿ ಡ್ರಮ್ ನಿಲ್ಲುತ್ತದೆ, ಹಾರ್ನುಗಳು ಮಾತ್ರ ಉಳಿಯುತ್ತವೆ. ಕೆಂಪು ಗೀಟಿನಲ್ಲಿ ಎನಿಡ್ ಗಾಳಿ ಎಳೆದುಕೊಂಡದ್ದು ನೋಡುಗರ ಎರಡನೇ ಸಾಲಿಗೂ ಕೇಳಿಸುತ್ತದೆ. ಲೆನಾಕ್ಸ್‌ನ ಕಾರ್ನೆಟ್ ತುಸು ತಡವಾಗಿ ಒಳಬರುತ್ತದೆ. "ನಾನು ಕೇಳ್ತಾ ನಿಂತ್ಬಿಟ್ಟಿದ್ದೆ. ತಪ್ಪು ನಂದೇ" ಎಂದು ಬಸ್ಸು ಹತ್ತುವಾಗ ಒಪ್ಪಿಕೊಳ್ಳುತ್ತಾರೆ. ಉಳಿದ ಐದು ಹಳ್ಳಿಗಳಲ್ಲಿ ನುಡಿಸುವುದು ಹಳೆಯ ಮಾರ್ಚ್.

ಭಾನುವಾರ ಬೆಳಿಗ್ಗೆ ತೀರ್ಪಿನ ಹಾಳೆ ಬರುತ್ತದೆ. ವಿಲ್ಫ್ ಕನ್ನಡಕ ಹಾಕಿಕೊಂಡು, ಬೇಕಂತಲೇ ನಿಧಾನವಾಗಿ ಓದುತ್ತಾರೆ. "ಶ್ರುತಿ ಪರವಾಗಿಲ್ಲ. ಕಾರ್ನೆಟ್ ಒಂದು ಕಡೆ ನಿದ್ದೆ ಹೋಗಿದೆ."

"ಮುಂದೆ ಓದು ಮಾರಾಯ" ಎನ್ನುತ್ತಾರೆ ಎನಿಡ್.

"ನಡುವೆ ಹಾರ್ನುಗಳು ಬಂದಾಗ ಹೊರಗೆ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಿತು. ಏನೆಂದು ತಿಳಿಯಲಿಲ್ಲ. ಬರೆಯುವುದು ಬಿಟ್ಟು ಕೇಳುತ್ತಾ ಕೂತೆ." ವಿಲ್ಫ್ ತಲೆ ಎತ್ತುತ್ತಾರೆ. "ಹದಿನಾರನೇ ಸ್ಥಾನ. ಬೀರುವಿಗೆ ಹೋಗಲ್ಲ ಬಿಡು."

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇಲ್ಲಿಯವರಿಗೆ ಅದು ಅಭ್ಯಾಸವಿಲ್ಲ. ಎನಿಡ್ ಕೆಟಲಿಗೆ ನೀರು ತುಂಬಿಸುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಲೆನಾಕ್ಸ್ ಹೇಳುವುದು ಇಷ್ಟು. "ಒಂದಿನ ನಾನು ಡ್ಯೂಟಿ ಮೇಲಿರ್ಬೇಕು. ಯಾವ್ದೋ ಊರಿನ ಬ್ಯಾಂಡು, ನಾನ್ಯಾರು ಅಂತಾನೂ ಗೊತ್ತಿಲ್ದೋರು, ಈ ಮಾರ್ಚ್ ನುಡಿಸ್ಕೊಂಡು ರಸ್ತೆ ತುಂಬಾ ಹೋಗ್ತಾ ಇರ್ಬೇಕು. ನಾನು ಅವ್ರ ಹಿಂದೆ, ಮೊದಲ ಗೇರಲ್ಲಿ. ಬಸ್ಸಲ್ಲಿರೋರು ಬೈಕೊಳ್ಲಿ, ಹಾರ್ನ್ ಮಾತ್ರ ಹೊಡೆಯಲ್ಲ."